ಪುಸ್ತಕಗಳಿಗೆ ವಿಳಾಸ ಕೊಟ್ಟ ಗಣಿತ ಮಾಸ್ತರರು: ಎಸ್. ಆರ್. ರಂಗನಾಥನ್



ಆಗಸ್ಟ್ 15 ಯಾವ ದಿನ ಅಂತ ಕೇಳಿದರೆ ಒಂದನೇ ಇಯತ್ತೆಯ ಹುಡುಗನೂ ಹೇಳತಾನೆ. ಸೆಪ್ಟೆಂಬರ್ 5 ಎಲ್ಲರಿಗೂ ಗೊತ್ತು. ಆಗಸ್ಟ್ 12 ಯಾವ ದಿನ ಹೇಳ್ರಿ ನೋಡೋಣ? ಅದು ಗ್ರಂಥಪಾಲಕರ ದಿನ. ಶಿಯಾಳಿ ರಾಮಾಮೃತ ರಂಗನಾಥನ್ ಅವರ ಜಯಂತಿ. ಸಾಮಾನ್ಯ ಜ್ಞಾನದ ಪುಸ್ತಕದೊಳಗೆ ಇವರ ಬಗ್ಗೆ ಒಂದು ಸಾಲು ಇರತೈತಿ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಯಾರು ಅಂತ. ನಾವು ಅದನ್ನು ಬಾಯಿಪಾಠ ಮಾಡಿ ಬಿಟ್ಟುಬಿಡ್ತೀವಿ. ಪಿತಾಮಹ ಅನ್ನಿಸಿಕೊಳ್ಳೋವಂಥಾದ್ದು ಅವರು ಏನು ಮಾಡಿದರು ಅಂತ ಯಾರೂ ಕೇಳೋದಿಲ್ಲ. ಈ ವರ್ಷ ನಮ್ಮ ಶಾಲೆಯ ಕಪಾಟಿನ ಪುಸ್ತಕಗಳಿಗೆ ಕಾರ್ಡು ಬರೆಯುವ ಕೆಲಸ ಒಂಬತ್ತನೇ ತರಗತಿಗೆ ಬಂತು. ಆ ಕೆಲಸ ಮಾಡುತ್ತ ಮಾಡುತ್ತ ನಾನು ಇವರ ಬಗ್ಗೆ ಓದಿದೆ. ಓದಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ರಂಗನಾಥನ್ ಅವರು 1892ರಲ್ಲಿ ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿ ಎಂಬ ಊರಿನಲ್ಲಿ ಹುಟ್ಟಿದರು. ಈಗ ಆ ಊರಿಗೆ ಸೀರ್ಕಾಳಿ ಅಂತಾರೆ. ಅದು ಕಾವೇರಿ ನೀರಿನ ಭತ್ತದ ನಾಡು. ನಮ್ಮ ಹಾಗೆ ಎರಿ ಹೊಲ, ಬಿಳಿಜೋಳ ಅಲ್ಲಿ ಇಲ್ಲ. ಅವರಿಗೆ ಆರು ವರ್ಷ ಇದ್ದಾಗಲೇ ತಂದೆ ರಾಮಾಮೃತ ಅಯ್ಯರ್ ತೀರಿಕೊಂಡರು. ಊರಿನ ಹೈಸ್ಕೂಲಿನಲ್ಲಿ ಓದಿ, ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜು ಸೇರಿ, 1916ರಲ್ಲಿ ಗಣಿತದಲ್ಲಿ ಎಂ.ಎ. ಮಾಡಿಕೊಂಡರು. ಇಷ್ಟು ಎಲ್ಲ ಜೀವನಚರಿತ್ರೆಯಲ್ಲೂ ಇರೋದೇ. ನನ್ನ ಗಮನ ಹಿಡಿದದ್ದು ಬೇರೆ ಒಂದು ಸಂಗತಿ. ಅವರಿಗೆ ಮಾತಾಡುವಾಗ ಉಗ್ಗು ಇತ್ತು.

ಉಗ್ಗುವ ಹುಡುಗನಿಗೆ ತರಗತಿಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳೋದು ಎಷ್ಟು ತ್ರಾಸು ಅಂತ ನನಗೆ ಗೊತ್ತೈತಿ, ಯಾಕಂದರೆ ನನಗೂ ಮಾತು ತಡೀತೈತಿ. ಬ ಅಕ್ಷರ ಬಂದರೆ ಮುಗೀತು. ಬಾದಾಮಿ ಅನ್ನಬೇಕಾದಾಗ ಚಾಲುಕ್ಯರ ರಾಜಧಾನಿ ಅಂತ ಸುತ್ತು ಹಾಕಿ ಹೇಳ್ತೀನಿ. ಇಂಥ ಉಗ್ಗು ಇದ್ದ ಮನುಷ್ಯ ಮಾಸ್ತರಿಕೆಯನ್ನೇ ಆರಿಸಿಕೊಂಡರು ಅನ್ನೋದು ನನಗೆ ಭಾಳ ಆಶ್ಚರ್ಯ. ಶಿಕ್ಷಕ ತರಬೇತಿ ಮುಗಿಸಿ 1917ರಲ್ಲಿ ನಮ್ಮ ಕನ್ನಡ ನಾಡಿನ ಮಂಗಳೂರಿಗೇ ಬಂದರು, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು. ಆಗ ಮಂಗಳೂರು ಮದ್ರಾಸ್ ಪ್ರಾಂತದಲ್ಲಿತ್ತು, ನಮ್ಮ ಬಾದಾಮಿ, ಹುನಗುಂದ, ಬಾಗಲಕೋಟೆ ಎಲ್ಲಾ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಮಂಗಳೂರಿನಿಂದ ಕೊಯಮತ್ತೂರಿಗೆ, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಕಲಿಸುತ್ತ ಕಲಿಸುತ್ತ ಉಗ್ಗು ನಿಧಾನವಾಗಿ ಕಡಿಮೆ ಆಯಿತಂತೆ, ಪೂರಾ ಹೋಗಲಿಲ್ಲ.

ಕಾಲೇಜಿನ ಸಂಬಳ ಸಾಲುತ್ತಿರಲಿಲ್ಲ. 1923ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದವರು ತಮ್ಮ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲಕ ಬೇಕು ಅಂತ ಅರ್ಜಿ ಕರೆದರು. ಸುಮಾರು 900 ಮಂದಿ ಅರ್ಜಿ ಹಾಕಿದ್ದರು. ಅವರಲ್ಲಿ ಒಬ್ಬರಿಗೂ ಗ್ರಂಥಾಲಯದ ತರಬೇತಿ ಆಗಿರಲಿಲ್ಲ. ರಂಗನಾಥನ್ ಅವರೂ ಗೆಳೆಯರ ಒತ್ತಾಯಕ್ಕೆ ಒಂದು ಅರ್ಜಿ ಹಾಕಿ ಅದನ್ನು ಮರೆತೂ ಬಿಟ್ಟಿದ್ದರು. ಸಂದರ್ಶನಕ್ಕೆ ಕರೆ ಬಂದಾಗ ಬ್ರಿಟಾನಿಕಾ ವಿಶ್ವಕೋಶ ತೆಗೆದು ಗ್ರಂಥಾಲಯ ಅನ್ನುವ ಲೇಖನ ಓದಿಕೊಂಡು ಹೋದರು. ಆ ಹೊತ್ತಿಗೆ ಗ್ರಂಥಾಲಯದ ಬಗ್ಗೆ ಅವರಿಗಿದ್ದ ಜ್ಞಾನ ಅಷ್ಟೇ. ಗಣಿತದಲ್ಲಿ ಕೆಲವು ಸಂಶೋಧನ ಲೇಖನ ಬರೆದಿದ್ದರಿಂದ ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಹಾಜರಾದರು.

ಹಾಜರಾದ ಮೇಲೆ ಏನಾಯಿತು ಗೊತ್ತೇನು? ಕೆಲವೇ ವಾರದಲ್ಲಿ ಬೇಸತ್ತು ಹೋದರು. ತರಗತಿ ತುಂಬ ಹುಡುಗರನ್ನು ನೋಡಿ ರೂಢಿಯಾದವರಿಗೆ ಗ್ರಂಥಾಲಯದ ಆ ಒಂಟಿತನ ತಾಳಲಾರದಷ್ಟು ಆಯಿತು. ಹಿಂದಕ್ಕೆ ಹೋಗಿ ತನ್ನ ಮಾಸ್ತರಿಕೆ ತನಗೆ ಕೊಟ್ಟುಬಿಡ್ರಿ ಅಂತ ಕೇಳಿಕೊಂಡರು. ದೊಡ್ಡವರು ಒಂದು ಕರಾರು ಮಾಡಿದರು. ಲಂಡನ್ನಿಗೆ ಹೋಗಿ ಅಲ್ಲಿ ಗ್ರಂಥಾಲಯ ಹೇಗೆ ನಡೆಸ್ತಾರ ನೋಡಿ ಬರಬೇಕು. ಬಂದ ಮೇಲೂ ಬೇಡ ಅನ್ನಿಸಿದರೆ ಮಾಸ್ತರಿಕೆ ವಾಪಸು. ಈ ಕರಾರು ಆಗದೇ ಹೋಗಿದ್ದರೆ ಇಂದು ನಾನು ಇವರ ಬಗ್ಗೆ ಬರೆಯುತ್ತಲೇ ಇರಲಿಲ್ಲ.

ಲಂಡನ್ನಿನಲ್ಲಿ ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಗೆ ಸೇರಿದರು. ಅಲ್ಲಿ ಸೇಯರ್ಸ್ ಎಂಬ ಗುರುಗಳು ಸಿಕ್ಕರು. ಅವರು ಕ್ರಾಯ್ಡನ್ ಎಂಬ ಊರಿನ ಮುಖ್ಯ ಗ್ರಂಥಪಾಲಕರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಕೂಲಿಕಾರರು, ಹೆಣ್ಣುಮಕ್ಕಳು, ಸಣ್ಣ ಹುಡುಗರು ಎಲ್ಲರೂ ಗ್ರಂಥಾಲಯಕ್ಕೆ ಬಂದು ಓದುವುದನ್ನು ಕಂಡರು. ಪುಸ್ತಕ ಕಾಯುವ ಕೆಲಸ ಅಂತ ತಾವು ತಿಳಿದುಕೊಂಡದ್ದು ನಿಜವಾಗಿ ಮಾಸ್ತರಿಕೆಗಿಂತ ದೊಡ್ಡ ಕೆಲಸ ಅಂತ ಅವರಿಗೆ ಅಲ್ಲಿ ಅನ್ನಿಸಿತು. ಮುಂದೆ ಮಾಸ್ತರಿಕೆ ವಾಪಸು ಕೇಳಲೇ ಇಲ್ಲ.

ಆದರೆ ಅಲ್ಲಿ ಅವರಿಗೆ ಒಂದು ಕಾಟವೂ ಹತ್ತಿತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಾವಿರಾರು ಪುಸ್ತಕ ಇದ್ದಲ್ಲಿ ಅವನ್ನು ಹೆಂಗೆ ಜೋಡಿಸಬೇಕು? ದಪ್ಪದ್ದು ಒಂದು ಕಡೆ, ತೆಳ್ಳಂದು ಒಂದು ಕಡೆ ಇಟ್ಟರೆ ಕಪಾಟು ಚಂದ ಕಾಣ್ತದ, ಪುಸ್ತಕ ಸಿಗೋದಿಲ್ಲ. ಬಂದ ತಾರೀಖಿನ ಪ್ರಕಾರ ಇಟ್ಟರೆ ರಜಿಸ್ಟರಿಗೆ ಅನುಕೂಲ, ಓದುವವರಿಗೆ ಅಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬವರು 1876ರಲ್ಲಿ ಒಂದು ಉಪಾಯ ಮಾಡಿದರು. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಅಂಕಿ ಕೊಟ್ಟರು. 500 ಅಂದರೆ ವಿಜ್ಞಾನ, 510 ಗಣಿತ, 590 ಪ್ರಾಣಿಗಳು, 630 ಒಕ್ಕಲುತನ, 800 ಸಾಹಿತ್ಯ, 900 ಇತಿಹಾಸ ಭೂಗೋಲ. ನಮ್ಮ ಕನ್ನಡ ಸಾಹಿತ್ಯಕ್ಕೆ 894.814. ನಮ್ಮ ಶಾಲೆಯ ಪುಸ್ತಕದ ಬೆನ್ನಿಗೆ ಸರ್ ಅಂಟಿಸಿರುವ ಚೀಟಿಯ ಅಂಕಿ ಇದೇ.

ಡ್ಯೂಯಿಯವರ ಪದ್ಧತಿ ಒಳ್ಳೆಯದೇ. ಆದರೆ ಅದರಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಒಂದು ಗೂಡು ಕಟ್ಟಿಟ್ಟಿರುತ್ತಾರೆ. ಪುಸ್ತಕ ಆ ಗೂಡಿನೊಳಗೆ ಹೋಗಿ ಕೂರಬೇಕು. ನಮ್ಮ ದೇಶದ ಎಷ್ಟೋ ವಿಷಯಗಳಿಗೆ ಅದರಲ್ಲಿ ಇಕ್ಕಟ್ಟು ಗೂಡು, ಕೆಲವಕ್ಕೆ ಗೂಡೇ ಇಲ್ಲ. ಎರಡು ಮೂರು ವಿಷಯ ಕೂಡಿಕೊಂಡ ಪುಸ್ತಕ ಬಂದರಂತೂ ಎಲ್ಲಿ ಇಡೋದು ಅಂತ ತಿಳೀದಂಗ ಆಗತೈತಿ. ಈ ಕಾಟದಲ್ಲಿ ಇದ್ದಾಗ ರಂಗನಾಥನ್ ಒಂದು ದಿನ ಲಂಡನ್ನಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಮೆಕ್ಯಾನೋ ಎಂಬ ಆಟಿಕೆ ಸಾಮಾನು ಕಂಡರು. ತೂತು ಇರುವ ಕಬ್ಬಿಣದ ಪಟ್ಟಿಗಳು, ಗಾಲಿಗಳು, ನಟ್ಟು, ಬೋಲ್ಟು. ಅವೇ ತುಂಡುಗಳನ್ನು ಒಮ್ಮೆ ಜೋಡಿಸಿದರೆ ಗಾಡಿ, ಬಿಚ್ಚಿ ಬೇರೆ ಥರ ಜೋಡಿಸಿದರೆ ಸೇತುವೆ. ಪುಸ್ತಕದ ಅಂಕಿಯನ್ನೂ ಹೀಗೆ ತುಂಡು ತುಂಡು ಜೋಡಿಸಿ ಮಾಡಬಹುದಲ್ಲ ಅಂತ ಅವರಿಗೆ ಹೊಳೆಯಿತು. 1925ರಲ್ಲಿ ಊರಿಗೆ ವಾಪಸು ಬರುವ ಹಡಗಿನಲ್ಲೇ ಕೆಲಸ ಶುರು ಮಾಡಿಬಿಟ್ಟರು.

ನಮ್ಮಲ್ಲಿ ಮೆಕ್ಯಾನೋ ಯಾರೂ ಕಂಡಿಲ್ಲ, ನಾನೂ ಚಿತ್ರದಲ್ಲಿ ನೋಡಿದ್ದಷ್ಟೇ. ಅದಕ್ಕೆ ನಮ್ಮ ಇಳಕಲ್ ಸೀರಿಯ ಲೆಕ್ಕದಲ್ಲಿ ಹೇಳ್ತೀನಿ. ನಮ್ಮ ಮನೆಯಲ್ಲಿ ಮಗ್ಗ ಐತಿ, ಹಂಗಾಗಿ ನನಗೆ ಅದೇ ಮೊದಲು ನೆನಪಾಗೋದು. ಇಳಕಲ್ಲಿನ ಅಂಗಡಿಗೆ ಒಬ್ಬ ಅಜ್ಜಿ ಬಂದು ಸೀರಿ ಕೇಳಿದರೆ ಅಂಗಡಿಯವರು ಏನೇನು ಕೇಳ್ತಾರ? ಒಡಲು ಹತ್ತಿಯದೋ ರೇಷ್ಮೆಯದೋ. ಬಣ್ಣ ಯಾವುದು. ದಡಿ ಗೋಮಿಯೋ, ಚಿಕ್ಕಿಯೋ. ಸೆರಗು ಟೋಪಿತೆನಿ ಇರಬೇಕೋ. ಆರು ಗಜವೋ, ಒಂಬತ್ತು ಗಜವೋ. ಇಷ್ಟು ಕೇಳಿದ ಮೇಲೆ ಕೈ ಹಾಕಿದರೆ ಸರಿಯಾದ ಸೀರಿಯೇ ಬರತೈತಿ. ಪ್ರತಿಯೊಂದು ಸೀರಿಗೂ ಬೇರೆ ಹೆಸರು ಇಡಬೇಕಾಗಿಲ್ಲ. ಒಡಲು, ದಡಿ, ಸೆರಗು, ಅಳತೆ ಇವಕ್ಕೆ ಹೆಸರಿದ್ದರೆ ಸಾಕು. ಕೂಡಿಸಿಕೊಂಡು ಹೋಗಬಹುದು. ಮಗ್ಗದಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸ್ತೀವಲ್ಲ, ಅದೇ ಕೆಲಸವನ್ನು ರಂಗನಾಥನ್ ಒಂದು ಚಿಹ್ನೆಯಿಂದ ಮಾಡಿಸಿದರು. ಆ ಚಿಹ್ನೆ ಕೋಲನ್, ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕೆ. ಅದಕ್ಕೇ ಅವರ ಪದ್ಧತಿಗೆ ಕೋಲನ್ ವರ್ಗೀಕರಣ ಅಂತ ಹೆಸರು ಬಂತು. 1933ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು.

ಉದಾಹರಣೆಗೆ ಅವರ ಪದ್ಧತಿಯಲ್ಲಿ ಒಕ್ಕಲುತನಕ್ಕೆ ಇಂಗ್ಲಿಷಿನ ಜೆ ಅಕ್ಷರ, ವೈದ್ಯಕ್ಕೆ ಎಲ್ ಅಕ್ಷರ. ರೋಗ ಅನ್ನೋದಕ್ಕೆ ಅಂಕಿ 4. ಮನುಷ್ಯನ ರೋಗದ ಪುಸ್ತಕ ಬಂದರೆ ಎಲ್ ಜೊತೆ 4, ಬೆಳೆಯ ರೋಗದ ಪುಸ್ತಕ ಬಂದರೆ ಜೆ ಜೊತೆ ಬೆಳೆಯ ಅಂಕಿ ಇಟ್ಟು ಮತ್ತೆ ಅದೇ 4. ಭಾರತದ್ದು ಅಂತ ಹೇಳಬೇಕಾದರೆ ಕೊನೆಗೆ 44. ಎಲ್ಲಾ ತುಂಡುಗಳೂ ಎಲ್ಲಾ ಕಡೆ ಕೂರ್ತಾವ. ಮುಂದೆ ಈ ತುಂಡುಗಳನ್ನೆಲ್ಲ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಅಂತ ಐದು ಗುಂಪು ಮಾಡಿದರು. ಗಣಿತ ಓದಿದವರಾದ್ದರಿಂದಲೇ ಅವರಿಗೆ ಇದು ಸಾಧ್ಯವಾಯಿತು ಅಂತ ನನಗೆ ಅನ್ನಿಸ್ತದ. ಅಂದಹಾಗೆ ಗಣಿತದ ರಾಮಾನುಜನ್ ಅವರ ಬಗ್ಗೆಯೂ ಇವರು 1967ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ.

ಮದ್ರಾಸಿಗೆ ಬಂದ ಮೇಲೆ ಅವರು ಮಾಡಿದ ದೊಡ್ಡ ಕೆಲಸ ಕಪಾಟಿನ ಬಾಗಿಲು ತೆರೆದದ್ದು. ಅಲ್ಲಿಯ ತನಕ ಓದುವವರು ಚೀಟಿ ಬರೆದುಕೊಡಬೇಕು, ಸಿಪಾಯಿ ಒಳಗೆ ಹೋಗಿ ಪುಸ್ತಕ ತರಬೇಕು. ರಂಗನಾಥನ್ ಅವರು ಓದುವವರೇ ಕಪಾಟಿನ ನಡುವೆ ತಿರುಗಾಡಿ ಕೈಯಿಂದ ಪುಸ್ತಕ ತೆಗೆದು ನೋಡಲಿ ಅಂದರು. ಗ್ರಂಥಾಲಯ ತೆರೆದಿರುವ ಹೊತ್ತನ್ನೂ ಹೆಚ್ಚು ಮಾಡಿದರು. ಪುಸ್ತಕ ಕಳೆದುಹೋದರೆ, ಹರಿದುಹೋದರೆ ಗತಿ ಏನು ಅಂತ ಎಲ್ಲರೂ ಅಂಜುವ ಮಾತು ಆಗಲೂ ಇತ್ತು. ಈಗಲೂ ಎಷ್ಟೋ ಕಡೆ ಕಪಾಟಿಗೆ ಕೀಲಿ ಬೀಳೋದು ಇದೇ ಅಂಜಿಕೆಗೆ. ಕೀಲಿ ಹಾಕಿದ ಗುರುಗಳನ್ನು ನಾನು ತಪ್ಪು ಅನ್ನೋದಿಲ್ಲ. ಪುಸ್ತಕ ಹೋದರೆ ಲೆಕ್ಕ ಕೊಡಬೇಕಾದವರು ಅವರೇ ಅಲ್ಲವೇ. ಆದರೆ ನಾಲ್ಕು ಪುಸ್ತಕ ಹೋಗೋದಕ್ಕಿಂತ ಎಲ್ಲಾ ಪುಸ್ತಕ ಓದದೇ ಉಳಿಯೋದು ದೊಡ್ಡ ಹಾನಿ ಅಂತ ರಂಗನಾಥನ್ ಲೆಕ್ಕ ಹಾಕಿದ್ದರು.

ಈ ವಿಚಾರವನ್ನೆಲ್ಲ ಅವರು ಐದು ಸೂತ್ರ ಮಾಡಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮದ್ರಾಸ್ ಗ್ರಂಥಾಲಯ ಸಂಘದವರು ಅದನ್ನು ಹೊರತಂದರು. ನನ್ನ ಮಾತಿನಲ್ಲಿ ಹೇಳಬೇಕಾದರೆ, ಪುಸ್ತಕ ಇರೋದು ಓದಲಿಕ್ಕೆ, ಪೂಜೆಗೆ ಇಡಲಿಕ್ಕೆ ಅಲ್ಲ. ಬಂದ ಪ್ರತಿಯೊಬ್ಬರಿಗೂ, ದನ ಕಾಯೋ ಹುಡುಗನೇ ಬರಲಿ, ಅವರಿಗೆ ಬೇಕಾದ ಪುಸ್ತಕ ಸಿಗಬೇಕು. ಕಪಾಟಿನ ಮೂಲೆಯಲ್ಲಿ ಕುಂತ ಪುಸ್ತಕಕ್ಕೂ ಓದುವವರೊಬ್ಬರು ಎಲ್ಲೋ ಇದ್ದಾರೆ, ಅವರನ್ನು ಹುಡುಕಿ ಕೂಡಿಸಬೇಕು. ಓದುವವರ ಹೊತ್ತು ಹಾಳು ಮಾಡಬಾರದು. ಇನ್ನು ಗ್ರಂಥಾಲಯ ಮಗು ಇದ್ದ ಹಾಗೆ, ಬೆಳೆಯುತ್ತಲೇ ಇರತೈತಿ, ಅದಕ್ಕೆ ಜಾಗ ಬಿಟ್ಟು ಕಟ್ಟಬೇಕು. ಅದೇ 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರುಗುಡಿಯಲ್ಲಿ ಎತ್ತಿನ ಬಂಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಹೋಗುವ ಗ್ರಂಥಾಲಯವೂ ಶುರುವಾಯಿತು. ಬಂಡಿಯ ಮೇಲೆ ಗ್ರಂಥಾಲಯ! ನಮ್ಮೂರಿಗೂ ಒಂದು ಬಂದಿದ್ದರೆ ಅಂತ ಆಸೆ ಆಯಿತು.

ಅವರ ಮನೆಯ ಬದುಕಿನಲ್ಲಿ ದುಃಖ ಇತ್ತು. ಮೊದಲ ಹೆಂಡತಿ ರುಕ್ಮಿಣಿ ಅಮ್ಮನವರು 1928ರಲ್ಲಿ ಗುಡಿಯ ಹೊಂಡದಲ್ಲಿ ಸ್ನಾನಕ್ಕೆ ಇಳಿದಾಗ ಮುಳುಗಿ ತೀರಿಕೊಂಡರು. 1929ರಲ್ಲಿ ಶಾರದಾ ಅಮ್ಮನವರನ್ನು ಮದುವೆಯಾದರು. ಮದುವೆಯ ದಿನವೂ ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ ಕೂತರಂತೆ! ಇಪ್ಪತ್ತು ವರ್ಷ ಒಂದೂ ರಜೆ ತೆಗೆದುಕೊಳ್ಳಲಿಲ್ಲ ಅಂತಲೂ ಹೇಳ್ತಾರ. ದೊಡ್ಡವರ ಬಗ್ಗೆ ಬರೆಯುವವರು ಇದನ್ನು ಭಾಳ ಹೊಗಳಿ ಬರೀತಾರ. ನನಗೆ ಮಾತ್ರ ಶಾರದಾ ಅಮ್ಮನವರಿಗೆ ಆ ದಿನ ಹೇಗೆ ಅನ್ನಿಸಿತೋ ಅಂತ ಅನ್ನಿಸಿತು.

ಈಗ ಸೂಚಿಯ ವಿಷಯಕ್ಕೆ ಬರ್ತೀನಿ. ನಮ್ಮ ಕೆಲಸಕ್ಕೆ ಹತ್ತಿರದ್ದು ಇದೇ. 1934ರಲ್ಲಿ ರಂಗನಾಥನ್ ಗ್ರಂಥಸೂಚಿ ಬರೆಯುವ ನಿಯಮಗಳ ಒಂದು ಪುಸ್ತಕ ಹೊರತಂದರು. ಸೂಚಿ ಅಂದರೆ ಕ್ಯಾಟಲಾಗು. 5 ಇಂಚು ಉದ್ದ, 3 ಇಂಚು ಎತ್ತರದ ಕಾರ್ಡಿನ ಮೇಲೆ ಪುಸ್ತಕದ ಹೆಸರು, ಬರೆದವರ ಹೆಸರು, ಕಪಾಟಿನಲ್ಲಿ ಅದು ಇರುವ ಜಾಗದ ಅಂಕಿ ಬರೆದು ಪೆಟ್ಟಿಗೆಯಲ್ಲಿ ನಿಲ್ಲಿಸಿಡೋದು. ರಜಿಸ್ಟರಿನಲ್ಲಿ ಎಲ್ಲಾ ಪುಸ್ತಕದ ಹೆಸರು ಇದ್ದಾವಲ್ಲ, ಮತ್ತೆ ಕಾರ್ಡು ಯಾಕೆ ಅಂತ ನಮ್ಮ ತರಗತಿಯಲ್ಲಿ ಕೆಲವರು ಕೇಳಿದರು. ರಜಿಸ್ಟರಿನಲ್ಲಿ ಒಂದು ಪುಸ್ತಕ ಒಂದೇ ಕಡೆ ಇರತೈತಿ. ಹೊಸ ಪುಸ್ತಕ ಬಂದರೆ ಕೊನೆಗೆ ಸೇರಿಸಬೇಕು, ನಡುವೆ ತುರುಕಲು ಬರೋದಿಲ್ಲ. ಕಾರ್ಡಾದರೆ ಎಲ್ಲಿ ಬೇಕಾದರೂ ನಡುವೆ ಇಡಬಹುದು. ಒಂದೇ ಪುಸ್ತಕಕ್ಕೆ ನಾಲ್ಕು ಕಾರ್ಡು ಬರೆದು ನಾಲ್ಕು ಕಡೆ ಇಡಬಹುದು.

ಇದರ ಮಹತ್ವ ಬಾದಾಮಿಯ ಉದಾಹರಣೆಯಿಂದ ನನಗೆ ತಿಳಿಯಿತು. ಬಾದಾಮಿಯ ಮೇಣಬಸದಿ ಗುಹೆಗಳ ಬಗ್ಗೆ ಒಂದು ಪುಸ್ತಕ ಐತಿ ಅಂತ ಇಟ್ಟುಕೊಳ್ರಿ. ಅದನ್ನು ಕಪಾಟಿನಲ್ಲಿ ಎಲ್ಲಿ ಇಡಬೇಕು? ಚಾಲುಕ್ಯರ ಕಥೆ ಇರೋದರಿಂದ ಇತಿಹಾಸದ 900ರಲ್ಲಿ ಇಡಬಹುದು. ಕಲ್ಲಿನಲ್ಲಿ ಕೆತ್ತಿದ ಶಿಲ್ಪ ಇರೋದರಿಂದ ಕಲೆಯ 700ರಲ್ಲಿ ಇಡಬಹುದು. ವಿಷ್ಣು, ಶಿವ, ಜಿನ ಇರೋದರಿಂದ ಧರ್ಮದ 200ರಲ್ಲಿ ಇಡಬೇಕು ಅಂತಲೂ ಒಬ್ಬರು ಹಟ ಮಾಡಬಹುದು. ಪುಸ್ತಕಕ್ಕೆ ಇರೋದು ಒಂದೇ ದೇಹ, ಒಂದೇ ಕಡೆ ನಿಲ್ಲಬೇಕು. ಕಾರ್ಡಿಗೆ ಆ ಕಷ್ಟ ಇಲ್ಲ. ಇತಿಹಾಸ, ಶಿಲ್ಪ, ಬಾದಾಮಿ, ಚಾಲುಕ್ಯರು, ಬರೆದವರ ಹೆಸರು, ಪುಸ್ತಕದ ಹೆಸರು, ಹೀಗೆ ಯಾವ ದಾರಿಯಿಂದ ಬಂದರೂ ಒಂದು ಕಾರ್ಡು ಎದುರು ನಿಂತು ಕಪಾಟಿನ ಅಂಕಿ ಹೇಳತೈತಿ. ಯಾರ ಹತ್ತಿರವೂ ಹೋಗಿ ಬಾಯಿ ತೆರೆದು ಕೇಳಬೇಕಾಗಿಲ್ಲ. ಮಾತು ತಡೆಯುವವರಿಗೆ, ನಾಚಿಕೆ ಇರುವವರಿಗೆ, ಇಂಥಾ ಪುಸ್ತಕ ನಿನಗೆ ಯಾಕೆ ಅಂತ ಅಂದುಬಿಟ್ಟಾರು ಎಂದು ಅಂಜುವವರಿಗೆ ಇದು ಎಷ್ಟು ದೊಡ್ಡ ಅನುಕೂಲ! ರಂಗನಾಥನ್ ತಮ್ಮ ಉಗ್ಗಿನ ಸಲುವಾಗಿ ಇದನ್ನು ಮಾಡಿದರು ಅಂತ ಎಲ್ಲೂ ಬರೆದಿಲ್ಲ. ನನಗೆ ಹಾಗೆ ಅನ್ನಿಸಿದ್ದು ಅಷ್ಟೇ.

ಹೆಸರಿನದೂ ಒಂದು ದೊಡ್ಡ ತೊಡಕು. ಇಂಗ್ಲಿಷರ ಸೂಚಿಯಲ್ಲಿ ಕೊನೆಯ ಹೆಸರನ್ನು ಮೊದಲು ಬರೀತಾರ, ಯಾಕಂದರೆ ಅದು ಅವರ ಮನೆತನದ ಹೆಸರು. ನಮ್ಮ ಕಡೆ ಫ. ಗು. ಹಳಕಟ್ಟಿ ಅವರನ್ನು ಹಳಕಟ್ಟಿ ಅಂತ ಹ ಅಕ್ಷರದಲ್ಲಿ ಇಟ್ಟರೆ ಸರಿ, ಅದು ಅಡ್ಡಹೆಸರು. ಆದರೆ ಎಸ್. ಆರ್. ರಂಗನಾಥನ್ ಅವರ ಹೆಸರಿನಲ್ಲಿ ಎಸ್ ಅಂದರೆ ಊರು, ಆರ್ ಅಂದರೆ ತಂದೆ, ಕೊನೆಗೆ ಇರೋದು ಅವರದೇ ಹೆಸರು. ಅಡ್ಡಹೆಸರು ಇಲ್ಲವೇ ಇಲ್ಲ. ಇನ್ನು ಬೇಂದ್ರೆಯವರು ಅಂಬಿಕಾತನಯದತ್ತ ಅಂತ ಬರೆದರು, ಪುಟ್ಟಪ್ಪನವರು ಕುವೆಂಪು ಅಂತ ಬರೆದರು. ಹುಡುಕುವ ಹುಡುಗನಿಗೆ ಯಾವ ಹೆಸರು ಗೊತ್ತಿರತೈತೋ ಯಾರಿಗೆ ಗೊತ್ತು? ಭಾರತದ ಹೆಸರುಗಳನ್ನು ಸೂಚಿಯಲ್ಲಿ ಹೇಗೆ ಬರೆಯಬೇಕು ಅನ್ನುವುದಕ್ಕೂ ರಂಗನಾಥನ್ ನಿಯಮ ಮಾಡಿದರು. ಎರಡು ಹೆಸರು ಇದ್ದಲ್ಲಿ ಒಂದನ್ನು ಮುಖ್ಯ ಮಾಡಿ, ಇನ್ನೊಂದು ಹೆಸರಿನ ಕಾರ್ಡಿನಲ್ಲಿ ಅಲ್ಲಿ ನೋಡಿ ಅಂತ ದಾರಿ ತೋರಿಸೋದು. ನಮ್ಮ ಪೆಟ್ಟಿಗೆಯಲ್ಲಿ ಅ ಅಕ್ಷರದಲ್ಲಿ ಅಂಬಿಕಾತನಯದತ್ತ ಅಂತ ಒಂದು ಕಾರ್ಡು ಐತಿ. ಅದರಲ್ಲಿ ಯಾವ ಪುಸ್ತಕದ ಹೆಸರೂ ಇಲ್ಲ. ಬೇಂದ್ರೆ ನೋಡಿ ಅಂತ ಮಾತ್ರ ಐತಿ. ಕೆಲವರು ಅದನ್ನು ಅರ್ಧ ಬರೆದ ಕಾರ್ಡು ಅಂತ ತಿಳಿದು ಹೊರಗೆ ತೆಗೆದಿಟ್ಟಿದ್ದರು. ದಯವಿಟ್ಟು ತೆಗೀಬ್ಯಾಡ್ರಿ.

ಇದೆಲ್ಲಕ್ಕಿಂತ ನನಗೆ ಹೆಚ್ಚು ಸೇರಿದ್ದು ಅವರ ಇನ್ನೊಂದು ನಿಯಮ. ಪುಸ್ತಕದ ಹೆಸರು ಒಂದು ಇರತೈತಿ, ಒಳಗೆ ಒಂದು ಅಧ್ಯಾಯ ಬೇರೆಯೇ ವಿಷಯದ್ದು ಇರತೈತಿ. ಹೊರಗಿನ ರಟ್ಟು ನೋಡಿದವರಿಗೆ ಅದು ಗೊತ್ತೇ ಆಗೋದಿಲ್ಲ. ಅಂಥ ಅಧ್ಯಾಯಕ್ಕೂ ಒಂದು ಕಾರ್ಡು ಬರೆಯಬೇಕು, ಪುಟದ ಅಂಕಿ ಸಮೇತ, ಅಂತ ರಂಗನಾಥನ್ ಹೇಳಿದರು. ನಮ್ಮಂಥ ಸಣ್ಣ ಶಾಲೆಗೆ ಇದರಿಂದ ಭಾಳ ಲಾಭ. ಇಳಕಲ್ ಸೀರಿಯ ಬಗ್ಗೆ ನಮ್ಮ ಶಾಲೆಯಲ್ಲಿ ಪುಸ್ತಕ ಇಲ್ಲ ಅಂತ ಎಲ್ಲರೂ ತಿಳಿದಿದ್ದೆವು. ಕಾರ್ಡು ಬರೆಯಲು ಒಂದೊಂದೇ ಪುಸ್ತಕದ ಪರಿವಿಡಿ ನೋಡುತ್ತ ಹೋದಾಗ ಕರಕುಶಲ ಕಲೆಗಳ ಪುಸ್ತಕವೊಂದರಲ್ಲಿ ನಮ್ಮ ಸೀರಿಯ ಮೇಲೆ ಒಂದು ಅಧ್ಯಾಯವೇ ಸಿಕ್ಕಿತು. ಕಪಾಟಿನೊಳಗೆ ಅದು ನಮಗಿಂತ ಮೊದಲಿನಿಂದ ಕೂತಿತ್ತು. ಈಗ ಇ ಅಕ್ಷರದಲ್ಲಿ ಇಳಕಲ್ ಸೀರೆ ಅಂತ ಕಾರ್ಡು ನಿಂತೈತಿ, ನೋಡ್ರಿ.

ಕಾರ್ಡು ಬರೆದಿಟ್ಟರೆ ಕೆಲಸ ಮುಗೀಲಿಲ್ಲ, ಹುಡುಕೋದನ್ನು ಕಲಿಸಬೇಕು ಅಂತಲೂ ಅವರಿಗೆ ಗೊತ್ತಿತ್ತು. ಹೊಸದಾಗಿ ಬಂದ ಓದುಗರಿಗೆ ಕಪಾಟು ಯಾವುದು, ಸೂಚಿ ಯಾವುದು, ಹೇಗೆ ನೋಡಬೇಕು ಅಂತ ಕೈ ಹಿಡಿದು ತೋರಿಸುವುದು ಗ್ರಂಥಪಾಲಕರ ಕೆಲಸಗಳಲ್ಲೇ ಒಂದು ಅಂತ 1940ರಲ್ಲಿ ಬಂದ ಅವರ ಪುಸ್ತಕದಲ್ಲಿ ಐತಿ. 1942ರಲ್ಲಿ ಶಾಲೆ ಕಾಲೇಜುಗಳ ಗ್ರಂಥಾಲಯದ ಮೇಲೆಯೇ ಒಂದು ಪುಸ್ತಕ ಬರೆದರು. ಮಾಸ್ತರರಾಗಿದ್ದವರು ಗ್ರಂಥಪಾಲಕರಾದ ಮೇಲೂ ಕಲಿಸೋದನ್ನು ಬಿಡಲಿಲ್ಲ ಅನ್ನಬಹುದು.

ಕಲಿಸೋದು ಸುಲಭ ಅಂತ ತಿಳೀಬ್ಯಾಡ್ರಿ. ನಾವು ಆರನೇ ತರಗತಿಯವರಿಗೆ ತೋರಿಸಲು ಹೋದಾಗ ಮೊದಲ ತೊಡಕು ಕಾಗುಣಿತದಲ್ಲೇ ಬಂತು. ಅ ಆ ಇ ಈ, ಕ ಖ ಗ ಘ ಎಲ್ಲರಿಗೂ ಬರತೈತಿ. ಆದರೆ ಬಸವಣ್ಣ, ಬಾದಾಮಿ, ಬಿಜಾಪುರ, ಬೇಂದ್ರೆ ಈ ನಾಲ್ಕರಲ್ಲಿ ಯಾವುದು ಮೊದಲು ಅಂದರೆ ಎಲ್ಲಾ ಬ ತಾನೇ ಅಂತಾರ. ಬ, ಬಾ, ಬಿ, ಬೀ ಅಂತ ಕಾಗುಣಿತ ಹೇಳುತ್ತ ಹೋದರೆ ತಾನೇ ಸಿಗತೈತಿ. ಒಂದು ಆಟ ಮಾಡಿದೆವು. ಒಬ್ಬರಿಗೆ ಬರೆದವರ ಹೆಸರು ಮಾತ್ರ ಹೇಳೋದು, ಒಬ್ಬರಿಗೆ ಪುಸ್ತಕದ ಹೆಸರು ಮಾತ್ರ, ಇನ್ನೊಬ್ಬರಿಗೆ ವಿಷಯ ಮಾತ್ರ. ಮೂವರೂ ಮಾತಾಡದೇ ಪೆಟ್ಟಿಗೆ ನೋಡಿ ಕಪಾಟಿಗೆ ಹೋಗಬೇಕು. ಮೂವರೂ ಒಂದೇ ಪುಸ್ತಕಕ್ಕೆ ಕೈ ಹಾಕಿದಾಗ ಹುಡುಗರು ಜಾದೂ ನೋಡಿದಂಗ ನಕ್ಕರು. ವಿಷಯ ಹಿಡಿದು ಹೋದವರಿಗೆ ಪಕ್ಕದಲ್ಲೇ ಅದೇ ಅಂಕಿಯ ಇನ್ನೆರಡು ಪುಸ್ತಕವೂ ಸಿಕ್ಕವು. ವಿಷಯದ ಪ್ರಕಾರ ಜೋಡಿಸಿದ್ದರ ಲಾಭ ಇದು.

ಮುಂದಿನ ಸಂಗತಿ ಬೇಗ ಹೇಳಿ ಮುಗಿಸ್ತೀನಿ. 1944ರ ವರೆಗೆ ಮದ್ರಾಸಿನಲ್ಲಿ ಇದ್ದರು. ಆಮೇಲೆ ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕೂತು ವರ್ಗೀಕರಿಸಿದರಂತೆ. 1947ರಿಂದ ದೆಹಲಿ ವಿಶ್ವವಿದ್ಯಾಲಯ, ಆಮೇಲೆ ಕೆಲವು ವರ್ಷ ಸ್ವಿಟ್ಜರ್ಲೆಂಡಿನ ಜೂರಿಕ್. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿ. ತಾವು ಕೂಡಿಟ್ಟ ಒಂದು ಲಕ್ಷ ರೂಪಾಯಿಯನ್ನು ಹೆಂಡತಿಯ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಅಂತ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಮದುವೆ ದಿನದ ವಿಷಯದಲ್ಲಿ ನನಗಿದ್ದ ಸಿಟ್ಟು ಇದನ್ನು ಓದಿ ಸ್ವಲ್ಪ ಇಳಿಯಿತು.

ಕೊನೆಯ ಕಾಲಕ್ಕೆ ಅವರು ನಮ್ಮವರೇ ಆದರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಇದ್ದುಕೊಂಡು 1962ರಲ್ಲಿ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು. ಬೆಂಗಳೂರಿನಲ್ಲಿ ಅದು ಈಗಲೂ ನಡೆದಿದೆ. ಊರೂರಿಗೆ ಗ್ರಂಥಾಲಯ ಬೇಕಾದರೆ ದಾನ ಧರ್ಮದಿಂದ ಆಗೋದಿಲ್ಲ, ಕಾಯ್ದೆ ಬೇಕು, ಅದಕ್ಕೆ ಖಾಯಂ ಹಣದ ದಾರಿ ಬೇಕು ಅಂತ ಅವರು ಬಹಳ ವರ್ಷದಿಂದ ಹೇಳುತ್ತ ಬಂದಿದ್ದರು. ಅವರ ಪ್ರಯತ್ನದಿಂದ 1948ರಲ್ಲಿ ಮದ್ರಾಸಿನಲ್ಲಿ ಗ್ರಂಥಾಲಯ ಕಾಯ್ದೆ ಆಯಿತು. ಸ್ವತಂತ್ರ ಭಾರತದಲ್ಲಿ ಅದೇ ಮೊದಲನೆಯದು. ನಮ್ಮ ರಾಜ್ಯದಲ್ಲಿ, ಆಗ ಮೈಸೂರು ರಾಜ್ಯ ಅನ್ನುತ್ತಿದ್ದರು, 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಅದರ ಹಿಂದೆಯೂ ರಂಗನಾಥನ್ ಅವರ ವಿಚಾರ ಇತ್ತು. ನಮ್ಮ ಮನೆಯವರು ತುಂಬುವ ಮನಿಪಟ್ಟಿಯಲ್ಲಿ ಗ್ರಂಥಾಲಯ ಕರ ಅಂತ ಸೇರಿರೋದು ಈ ಕಾಯ್ದೆಯಿಂದಲೇ. ನಮ್ಮ ಪಂಚಾಯತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅಂತಾರೆ. ಅಲ್ಲಿ ಹೋಗಿ ಕೂತಾಗ ಯಾರದೋ ಉಪಕಾರದಲ್ಲಿ ಕೂತೀವಿ ಅಂತ ಅಂಜಬೇಕಾಗಿಲ್ಲ. ಅದರಲ್ಲಿ ನಮ್ಮ ಅಪ್ಪ ಅವ್ವ ಕೊಟ್ಟ ಪೈಸೆಯೂ ಐತಿ.

1972ರ ಸೆಪ್ಟೆಂಬರ್ 27ರಂದು ರಂಗನಾಥನ್ ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 80 ವರ್ಷ. ಈಗ ದೊಡ್ಡ ಗ್ರಂಥಾಲಯಗಳಲ್ಲಿ ಕಾರ್ಡಿನ ಪೆಟ್ಟಿಗೆ ಹೋಗಿ ಕಂಪ್ಯೂಟರ್ ಬಂದೈತಿ. ಒಂದು ಶಬ್ದ ಒತ್ತಿದರೆ ಪುಸ್ತಕದ ಅಂಕಿ ಬರತೈತಿ. ಆದರೆ ಬಾದಾಮಿ ಅಂತ ಒತ್ತಿದಾಗ ಪುಸ್ತಕ ಬರಬೇಕಾದರೆ ಆ ಪುಸ್ತಕದ ಜೊತೆಗೆ ಬಾದಾಮಿ ಅನ್ನುವ ಶಬ್ದವನ್ನು ಯಾರಾದರೂ ಬರೆದು ಇಟ್ಟಿರಬೇಕು. ಕಾರ್ಡಿಗೂ ಕಂಪ್ಯೂಟರಿಗೂ ಆ ಕೆಲಸ ಒಂದೇ.

ನಮ್ಮ ಪೆಟ್ಟಿಗೆ ಗುರುಗಳ ಕೋಣೆಯ ಕಿಟಕಿಯ ಕೆಳಗೆ ಐತಿ. ಸೀರಿ ಡಬ್ಬಿಯ ರಟ್ಟಿನಿಂದ ಮಾಡಿದ್ದು, ಕಾರ್ಡುಗಳನ್ನು ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದೀವಿ. ನ ಅಕ್ಷರದ ತನಕ ಆಗೈತಿ. ಪ ದಿಂದ ಮುಂದಿನವು, ಹಾಗೂ ಟ್ರಂಕಿನಲ್ಲಿರುವ ಹಳೇ ಮಾಸಪತ್ರಿಕೆಗಳ ಲೇಖನಗಳು ಇನ್ನೂ ಉಳಿದಾವ. ಅಕ್ಷರ ದುಂಡಗೆ ಇರುವವರು ಶನಿವಾರ ಶಾಲೆ ಬಿಟ್ಟ ಮೇಲೆ ಬರ್ರಿ. ಮನೆಯಲ್ಲಿ ಲಗ್ನಪತ್ರಿಕೆ ಇದ್ದರೆ ತರ್ರಿ, ಒಂದು ಬದಿ ಖಾಲಿ ಇರುವಂಥಾದ್ದು.